ಬಾಲದ ಮೇಲೆ ಬಿಳಿ ಪುಡಿ: ಡೈಕಾಸ್ಟ್ ಜೆಟ್‌ನ ದೋಷ ಹುಡುಕುವುದು ಹೇಗೆ

ಮೇ ತಿಂಗಳು. ಕಲಬುರಗಿಯಲ್ಲಿ ಹೊರಗೆ 43 ಡಿಗ್ರಿ ಬಿಸಿಲು. ಸಂಜೆ ಶೋಕೇಸ್ ಒರೆಸಲು ಕುಳಿತವನಿಗೆ ನನ್ನ ಎಫ್-15 ಯುದ್ಧವಿಮಾನದ ಡೈಕಾಸ್ಟ್ ಮಾಡೆಲ್‌ನ, ಅಂದರೆ ಅಚ್ಚಿಗೆ ಲೋಹ ಎರೆದು ಮಾಡಿದ ಪುಟ್ಟ ಜೆಟ್‌ನ, ಎರಡು ಬಾಲಗಳಲ್ಲಿ ಎಡಗಡೆಯದರ ಬುಡದಲ್ಲಿ ಬಿಳಿ ಪುಡಿ ಕಂಡಿತು. ಯಾರೋ ಚಿಟಿಕೆ ಉಪ್ಪು ಉದುರಿಸಿದ ಹಾಗೆ. ಬಾಲದ ಮೇಲೆ ಗುಲಾಬಿ ಕೂದಲಿನ ಅನಿಮೆ (ಜಪಾನಿ ಕಾರ್ಟೂನ್) ಹುಡುಗಿಯ ಚಿತ್ರ ಇದೆ. ಅವಳ ಗದ್ದದ ಕೆಳಗೆ ಸಾಸಿವೆಗಿಂತ ಸಣ್ಣ ಒಂದು ಗುಳ್ಳೆಯೂ ಇತ್ತು. ಎದೆ ಧಸಕ್ ಅಂದಿತು.

ಡೈಕಾಸ್ಟ್ ಸಂಗ್ರಹಿಸುವವರಿಗೆ ಬಿಳಿ ಪುಡಿ ಮತ್ತು ಗುಳ್ಳೆ ಒಟ್ಟಿಗೆ ಕಂಡರೆ ಮೊದಲು ನೆನಪಾಗುವುದು ಝಿಂಕ್ ಪೆಸ್ಟ್, ಅಂದರೆ ಸತುವಿನ ರೋಗ. ಲೋಹವೇ ಒಳಗಿನಿಂದ ಬಿರಿದು ಪುಡಿಯಾಗುವ ದೋಷ ಅದು. ಅದಕ್ಕೆ ಮದ್ದಿಲ್ಲ. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಆಮೇಲೆ ನೋಡಿದರೆ ಅದು ಸತುವಿನ ರೋಗವೇ ಆಗಿರಲಿಲ್ಲ. ಪುಡಿಗೆ ಒಂದು ಕಾರಣ, ಗುಳ್ಳೆಗೆ ಇನ್ನೊಂದು. ಎರಡಕ್ಕೂ ಸಂಬಂಧವೇ ಇರಲಿಲ್ಲ. ಅದನ್ನು ಕಂಡುಕೊಳ್ಳಲು ಎರಡು ದಿನ ಹಿಡಿಯಿತು. ನಿಮ್ಮ ಮಾಡೆಲ್ ಮೇಲೆ ಇಂಥದ್ದು ಕಂಡಾಗ ಅರ್ಧ ಗಂಟೆಯಲ್ಲಿ ತಿಳಿಯಲಿ ಅಂತ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಹೇಳಬೇಕಾದ ಮುಖ್ಯ ಮಾತು ಒಂದೇ: ಬಟ್ಟೆ, ದ್ರಾವಣ, ಅಂಟು ಯಾವುದನ್ನೂ ಕೈಗೆತ್ತಿಕೊಳ್ಳುವ ಮೊದಲು, ದೋಷ ಯಾವ ಪದರದಲ್ಲಿದೆ ಅಂತ ನೋಡಿ.

ಪದರಗಳು

ಜೆಟ್ ಮಾಡೆಲ್‌ನ ಮೈಯನ್ನು ಈರುಳ್ಳಿಯ ಹಾಗೆ ಯೋಚಿಸಿ. ಎಲ್ಲಕ್ಕಿಂತ ಒಳಗೆ ಲೋಹ, ಅಥವಾ ಕೆಲವು ಭಾಗಗಳಲ್ಲಿ ಪ್ಲಾಸ್ಟಿಕ್. ಅದರ ಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿದು ನಿಲ್ಲಲು ಹಚ್ಚುವ ಮೊದಲ ಪದರ. ಅದರ ಮೇಲೆ ಬಣ್ಣ. ಬಣ್ಣದ ಮೇಲೆ ಚಿತ್ರ ಮತ್ತು ಅಕ್ಷರಗಳ ಅಚ್ಚು. ಕೆಲವು ಮಾಡೆಲ್‌ಗಳಲ್ಲಿ ಎಲ್ಲದರ ಮೇಲೆ ಒಂದು ತೆಳು ವಾರ್ನಿಷ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ.

ಸಾಮಾನ್ಯ ಬೂದು ಬಣ್ಣದ ಜೆಟ್‌ಗಿಂತ ಅನಿಮೆ ಬಣ್ಣದ ಜೆಟ್ ಜಾಸ್ತಿ ನಾಜೂಕು. ಬೂದು ಜೆಟ್ ಮೇಲೆ ಒಂದು ನಂಬರು, ಒಂದು ಲಾಂಛನ ಇದ್ದರೆ ಮುಗಿಯಿತು. ಇಲ್ಲಿ ಕೂದಲಿಗೆ ಒಂದು ಬಣ್ಣ, ನೆರಳಿಗೆ ಇನ್ನೊಂದು, ಚರ್ಮಕ್ಕೆ ಒಂದು, ಕಣ್ಣಿಗೇ ಮೂರು ನಾಲ್ಕು ಬಣ್ಣ. ಇಂಥ ಚಿತ್ರ ಅಚ್ಚು ಮಾಡುವ ಟ್ಯಾಂಪೋ ವಿಧಾನದಲ್ಲಿ ಮೆತ್ತನೆಯ ಸಿಲಿಕೋನ್ ದಿಂಬೊಂದು ಕೆತ್ತಿದ ತಟ್ಟೆಯಿಂದ ಶಾಯಿ ಎತ್ತಿಕೊಂಡು ಮಾಡೆಲ್ ಮೇಲೆ ಒತ್ತುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಒತ್ತು. ಕಡುನೀಲಿ ಅಥವಾ ಕಪ್ಪು ಮೈಯಾದರೆ ಮುಖದ ಕೆಳಗೆ ಮೊದಲು ಬಿಳಿ ಬಣ್ಣ ಹಾಕಬೇಕು, ಇಲ್ಲದಿದ್ದರೆ ಚರ್ಮದ ಬಣ್ಣ ಮಸುಕಾಗುತ್ತದೆ. ಅಂದರೆ ಆ ಪುಟ್ಟ ಮುಖದ ಜಾಗದಲ್ಲಿ ಏಳೆಂಟು ಪದರ ಇರಬಹುದು, ಎಲ್ಲ ಸೇರಿದರೂ ಉಗುರಿನ ದಪ್ಪ ಇಲ್ಲ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೂರು ವರ್ಷದ ಹಿಂದೆ ನನ್ನ ಹತ್ತಿರ ಇದ್ದ ಒಂದು ಎಫ್-16 ಬಾಲದ ಮೇಲಿನ ಮುಖ ಮಬ್ಬಾಗಿ ಕಂಡಿತು. ಹತ್ತಿಯ ತುದಿಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಒಂದೇ ಒಂದು ಸಲ ಎಳೆದೆ. ಹತ್ತಿ ಎತ್ತಿ ನೋಡಿದರೆ ಅದರ ಮೇಲೆ ನೇರಳೆ ಬಣ್ಣದ ಒಂದು ಗೆರೆ, ಪಕ್ಕದಲ್ಲಿ ಕಪ್ಪು ಚುಕ್ಕಿ. ಹುಡುಗಿಯ ಬಲಗಣ್ಣಿನ ಅರ್ಧ ಹತ್ತಿಗೆ ಬಂದಿತ್ತು. ಉಳಿದ ಅರ್ಧ ಬಾಲದ ಮೇಲೆ ಹಾಗೇ ನೋಡುತ್ತಿತ್ತು. ಆ ಮಬ್ಬು ಬರೀ ಕೈಬೆರಳಿನ ಎಣ್ಣೆ. ಒದ್ದೆ ಬಟ್ಟೆಯಲ್ಲಿ ಹೋಗುತ್ತಿತ್ತು. ಅಸಿಟೋನ್ ಇರುವ ಯಾವ ದ್ರಾವಣವನ್ನೂ ಅಚ್ಚಿನ ಮೇಲೆ ಹಾಕಬೇಡಿ. ಥಿನ್ನರ್ ಬೇಡ, ಸ್ಯಾನಿಟೈಸರ್ ಕೂಡ ಬೇಡ.

ಮೊದಲು ಎಡ ಬಲ ಹೋಲಿಸಿ

ಜೆಟ್ ಮಾಡೆಲ್‌ನ ದೋಷ ಹುಡುಕುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಯುದ್ಧವಿಮಾನಕ್ಕೆ ಎಡ ಬಲ ಎರಡೂ ಬಹುಪಾಲು ಒಂದೇ ಥರ. ಒಂದು ರೆಕ್ಕೆಯಲ್ಲಿ ಇದ್ದ ಗೆರೆ ಇನ್ನೊಂದರಲ್ಲೂ ಅದೇ ಜಾಗದಲ್ಲಿ ಇದ್ದರೆ ಅದು ತಯಾರಕರು ಕೆತ್ತಿದ ಪ್ಯಾನೆಲ್ ಗೆರೆ, ಅಂದರೆ ವಿಮಾನದ ಮೈಯ ತಗಡುಗಳು ಸೇರುವ ಜಾಗ ತೋರಿಸುವ ಗೆರೆ. ಒಂದೇ ಕಡೆ ಇದ್ದರೆ, ಅದೂ ಸೊಟ್ಟಂಬಟ್ಟ ಹರಿದಿದ್ದರೆ, ಅನುಮಾನ ಪಡಿ. ಬಿರುಕು ಪ್ಯಾನೆಲ್ ಗೆರೆಯನ್ನು ದಾಟಿಕೊಂಡು ಹೋಗುತ್ತದೆ. ಪ್ಯಾನೆಲ್ ಗೆರೆ ಹಾಗೆ ಹೋಗುವುದಿಲ್ಲ.

ನಾನು ಮಾಡುವುದು ಹೀಗೆ. ಎಡಗಡೆಯಿಂದ ಒಂದು ಫೋಟೋ, ಬಲಗಡೆಯಿಂದ ಅದೇ ದೂರದಲ್ಲಿ ಒಂದು ಫೋಟೋ. ಫೋನಿನಲ್ಲೇ ಒಂದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತೇನೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನಾಗಿ ಕಣ್ಣಿಗೆ ಬೀಳುತ್ತದೆ. ಅನಿಮೆ ಚಿತ್ರ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ, ಎರಡು ಬದಿಗೆ ಎರಡು ಬೇರೆ ಭಂಗಿ ಇರಬಹುದು. ಆದರೆ ಚಿತ್ರದ ಕೆಳಗಿನ ಮೈ ಒಂದೇ.

ಇನ್ನೊಂದು ವಿಷಯ. ಕೆಲವು ಮಾಡೆಲ್‌ಗಳ ಮೇಲೆ ಹೊಗೆಯ ಕಲೆ, ಎಣ್ಣೆ ಸೋರಿದ ಗುರುತು ಬೇಕಂತಲೇ ಅಚ್ಚು ಮಾಡಿರುತ್ತಾರೆ. ಕಾಳಗ ಮಾಡಿ ಬಂದ ಹಾಗೆ ಕಾಣಲಿ ಅಂತ. ಅದನ್ನು ಕೊಳೆ ಅಂದುಕೊಂಡು ಉಜ್ಜಿದವರನ್ನು ನೋಡಿದ್ದೇನೆ. ಎಡ ಬಲ ಹೋಲಿಸಿದರೆ ಇದೂ ಗೊತ್ತಾಗುತ್ತದೆ.

ನನ್ನ ಎಫ್-15ರಲ್ಲಿ ಪುಡಿ ಎಡಗಡೆ ಮಾತ್ರ ಇತ್ತು. ಬಲ ಬಾಲದ ಬುಡ ಸ್ವಚ್ಛ. ಇದು ಮೊದಲ ಸುಳಿವು. ಲೋಹವೇ ಕೆಟ್ಟಿದ್ದರೆ ಎರಡೂ ಬದಿಯಲ್ಲಿ ಏನಾದರೂ ಸುಳಿವು ಇರಬೇಕಿತ್ತು, ಯಾಕಂದ್ರೆ ಇಡೀ ಮೈ ಒಂದೇ ಅಚ್ಚಿನಿಂದ ಬಂದದ್ದು. ಒಂದೇ ಬದಿಯ ದೋಷ ಅಂದರೆ ಹೊರಗಿನಿಂದ ಬಂದದ್ದು ಇರಬಹುದು.

ಇದು ಲೋಹವೋ ಪ್ಲಾಸ್ಟಿಕ್ಕೋ?

ಡೈಕಾಸ್ಟ್ ಅಂದ ಕೂಡಲೇ ಎಲ್ಲ ಲೋಹ ಅಂದುಕೊಳ್ಳಬೇಡಿ. ಮೂತಿ, ಬಾಲ, ಕ್ಷಿಪಣಿ, ಚಕ್ರದ ಬಾಗಿಲು ಪ್ಲಾಸ್ಟಿಕ್ ಆಗಿರುವುದೇ ಹೆಚ್ಚು. ಆಯಸ್ಕಾಂತದಿಂದ ತಿಳಿಯುವುದಿಲ್ಲ, ಸತುವಿಗೆ ಆಯಸ್ಕಾಂತ ಅಂಟುವುದಿಲ್ಲ. ಮೇಲ್ದುಟಿಗೆ ತಾಗಿಸಿ ನೋಡಿ. ಲೋಹ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಇರುವುದಿಲ್ಲ. ಆದರೆ ನಮ್ಮ ಬೇಸಿಗೆಯಲ್ಲಿ ಇದನ್ನು ಬೆಳಗಿನ ಜಾವ ಮಾಡಿ. ಮಧ್ಯಾಹ್ನ ಮಾಳಿಗೆ ಕೆಳಗಿನ ಕೋಣೆಯಲ್ಲಿ ಯಾವುದೂ ತಣ್ಣಗಿರುವುದಿಲ್ಲ, ಲೋಹವೂ ಬೆಚ್ಚಗೇ ತಾಗುತ್ತದೆ.

ಮರುದಿನ ಬೆಳಗ್ಗೆ ಐದೂವರೆಗೆ ಎದ್ದು ಹೀಗೆ ನೋಡಿದೆ. ಬೆನ್ನು ತಣ್ಣಗೆ. ಬಾಲ ತಣ್ಣಗಿಲ್ಲ. ಬಾಲ ಪ್ಲಾಸ್ಟಿಕ್! ಅಂದ ಮೇಲೆ ಹುಡುಗಿಯ ಗದ್ದದ ಕೆಳಗಿನ ಗುಳ್ಳೆಗೂ ಸತುವಿಗೂ ಸಂಬಂಧವೇ ಇಲ್ಲ. ಅರ್ಧ ಭಾರ ಇಳಿಯಿತು. ಉಳಿದದ್ದು ಬುಡದ ಪುಡಿ. ಅಲ್ಲಿ ಪ್ಲಾಸ್ಟಿಕ್ ಬಾಲ ಲೋಹದ ಮೈಗೆ ಸೇರುವ ಸಂದು ಇದೆ.

ಬಿಳಿ ಪುಡಿ ಎಲ್ಲಿಂದ ಬಂತು?

ಮೊಬೈಲ್ ಟಾರ್ಚ್ ಹಚ್ಚಿ, ಬೆಳಕನ್ನು ಮೇಲಿನಿಂದ ಅಲ್ಲ, ಮೈಗೆ ತಾಗಿಸಿದ ಹಾಗೆ ಪಕ್ಕದಿಂದ ಬಿಡಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಇದ್ದರೆ ಇನ್ನೂ ಒಳ್ಳೆಯದು. ಪುಡಿಯ ಕೆಳಗಿನ ಬಣ್ಣ ಅಖಂಡವಾಗಿದೆಯೋ, ಒಡೆದಿದೆಯೋ ನೋಡಿ. ಒಣ, ಮೆತ್ತನೆಯ ಬ್ರಷ್‌ನಿಂದ ಒಂದು ಮೂಲೆಯ ಪುಡಿ ಮಾತ್ರ ಸರಿಸಿ. ಕೆಳಗೆ ಹೊಳಪು ಹಾಗೇ ಇದ್ದರೆ ದೋಷ ಮೇಲಿನಿಂದ ಕೂತದ್ದು. ಬಣ್ಣ ಬಿರಿದು ಒಳಗಿನಿಂದ ಪುಡಿ ಹೊರಬರುತ್ತಿದ್ದರೆ ಅದು ಲೋಹದ ದೋಷ.

ನನ್ನದರಲ್ಲಿ ಬಣ್ಣ ಅಖಂಡ. ಪುಡಿ ಮಾತ್ರ ಸಂದಿನ ಉದ್ದಕ್ಕೂ ಗೆರೆಯಾಗಿ ನಿಂತಿತ್ತು, ನೀರು ಹರಿದು ನಿಂತು ಒಣಗಿದ ಹಾಗೆ. ನೋಡುತ್ತಾ ಕುಳಿತಿದ್ದಾಗ ಅವ್ವ ಹಿಂದಿನಿಂದ ಬಂದು ಬಗ್ಗಿ ನೋಡಿದಳು. "ಅದು ನಮ್ಮ ಕೊಡದ ತಳಕ್ಕ ಕೂಡ್ತದಲ್ಲೋ, ಅದೇ ಅದ ನೋಡು," ಅಂದಳು.

ಹೌದು. ಕೂಲರ್! ನಮ್ಮ ಮನೆಯ ಕೂಲರ್‌ಗೆ ಬೋರ್‌ವೆಲ್‌ನ ಸವುಳು ನೀರು ತುಂಬುತ್ತೇವೆ. ಹುಲ್ಲಿನ ಪ್ಯಾಡ್ ಹಳೆಯದಾಗಿ ಅಲ್ಲಲ್ಲಿ ಕುಸಿದಿದ್ದರೆ ಗಾಳಿಯ ಜೊತೆ ಕಣ್ಣಿಗೆ ಕಾಣದ ಹನಿಗಳೂ ಹಾರಿ ಬರುತ್ತವೆ. ನೀರು ಆರುತ್ತದೆ, ಅದರಲ್ಲಿದ್ದ ಸುಣ್ಣದಂಶ ಉಳಿಯುತ್ತದೆ. ಶೋಕೇಸ್‌ನ ಒಂದು ಗಾಜು ಒಡೆದು ಎರಡು ತಿಂಗಳಾಗಿತ್ತು. ಜೆಟ್‌ನ ಎಡ ಬದಿ ಕೂಲರ್ ಕಡೆ ಇತ್ತು.

ಅನುಮಾನ ಬಂದರೆ ಸಾಲದು, ಖಾತ್ರಿ ಮಾಡಿಕೊಳ್ಳಬೇಕು. ನಿಂಬೆರಸ ಹಾಕಿ ಗುಳ್ಳೆ ಬಂದರೆ ಸುಣ್ಣ, ಇಲ್ಲದಿದ್ದರೆ ಲೋಹ ಅಂತ ಒಬ್ಬ ಗೆಳೆಯ ಹೇಳಿದ. ಆ ಪರೀಕ್ಷೆ ನಂಬಬೇಡಿ. ಸತು ತುಕ್ಕು ಹಿಡಿದಾಗ ಆಗುವ ಬಿಳಿ ಪುಡಿಯಲ್ಲೂ ಕಾರ್ಬೊನೇಟ್ ಇರುತ್ತದೆ, ಅದೂ ಹುಳಿಗೆ ಗುಳ್ಳೆ ಬಿಡುತ್ತದೆ. ಜೊತೆಗೆ ಹುಳಿ ಮಾಡೆಲ್‌ಗೆ ತಾಗಿದರೆ ಸತುವನ್ನೇ ತಿನ್ನುತ್ತದೆ. ನಾನು ಮಾಡಿದ್ದು ಇಷ್ಟೇ: ಜೆಟ್ ಎತ್ತಿ ಒಳಕೋಣೆಯಲ್ಲಿಟ್ಟೆ. ಅದೇ ಜಾಗದಲ್ಲಿ ತೊಳೆದು ಒರೆಸಿದ ಸ್ಟೀಲ್ ತಟ್ಟೆ ನಿಲ್ಲಿಸಿದೆ. ರಾತ್ರಿಯಿಡೀ ಕೂಲರ್ ಓಡಿತು. ಬೆಳಗ್ಗೆ ಟಾರ್ಚ್ ಹಿಡಿದರೆ ತಟ್ಟೆಯ ಮೇಲೆ ಗಸಗಸೆಯಷ್ಟು ಸಣ್ಣ ಬಿಳಿ ಉಂಗುರಗಳು. ತಟ್ಟೆಯಲ್ಲಿ ಸತು ಇಲ್ಲ. ಕೇಸು ಮುಗಿಯಿತು.

ಈ ಪುಡಿ ತೆಗೆಯಲು ಪೆಟ್ರೋಲ್ ಬಂಕ್‌ನಲ್ಲಿ ಸಿಗುವ ಬ್ಯಾಟರಿ ನೀರು ಸಾಕು. ಅದು ಡಿಸ್ಟಿಲ್ಡ್ ನೀರು, ಅದರಲ್ಲಿ ಉಪ್ಪಿನಂಶ ಇಲ್ಲ, ಹೊಸ ಕಲೆ ಬಿಡುವುದಿಲ್ಲ. ಬ್ಯಾಟರಿ ಆಸಿಡ್ ಅಲ್ಲ, ಡಬ್ಬಿ ಮೇಲೆ ಓದಿ ತನ್ನಿ. ಹತ್ತಿಯ ತುದಿ ಒದ್ದೆ ಮಾಡಿ, ಹಿಂಡಿ, ಪುಡಿಯ ಮೇಲೆ ಉರುಳಿಸಿ. ಉಜ್ಜಬೇಡಿ, ಚಪಾತಿ ಲಟ್ಟಣಿಗೆ ಉರುಳಿಸಿದ ಹಾಗೆ. ಒಂದು ಸಲಕ್ಕೆ ಎಲ್ಲ ಹೋಗುವುದಿಲ್ಲ. ನನಗೆ ಆರು ತುದಿ ಬೇಕಾದವು. ಸಂದಿನೊಳಗಿನದು ಬಿದಿರಿನ ಟೂತ್‌ಪಿಕ್ ತುದಿಗೆ ಒದ್ದೆ ಹತ್ತಿ ಸುತ್ತಿ ತೆಗೆದೆ. ಕೊನೆಗೆ ಫ್ಯಾನ್ ಕೆಳಗೆ ಪೂರ್ತಿ ಒಣಗಲು ಬಿಟ್ಟೆ.

ಬಿಳಿ ಪುಡಿಗೆ ಇನ್ನೊಂದು ಕಾರಣವೂ ಇದೆ. ಬಣ್ಣ ಇಲ್ಲದ ಬರಿ ಲೋಹದ ಜಾಗದಲ್ಲಿ, ಅಂದರೆ ಚಕ್ರದ ಗುಂಬ, ಸ್ಕ್ರೂ ತೂತಿನ ಒಳಗೆ, ಬಣ್ಣ ಕಿತ್ತುಹೋದ ಅಂಚಿನಲ್ಲಿ ಬಿಳಿ ತುಕ್ಕು ಬರಬಹುದು. ಇದು ಮೇಲ್ಮೈಯಲ್ಲೇ ಇರುತ್ತದೆ, ರೋಗ ಅಲ್ಲ. ಹೊಸ ಪ್ಲೈವುಡ್ ಕಪಾಟು ಮಾಡಿಸಿದವರು ಇದನ್ನು ಜಾಸ್ತಿ ನೋಡುತ್ತಾರೆ. ಮರ ಮತ್ತು ಅಂಟಿನಿಂದ ಹೊರಬರುವ ಆಮ್ಲದ ಆವಿ ಮುಚ್ಚಿದ ಕಪಾಟಿನಲ್ಲಿ ಸೇರಿಕೊಂಡು ಸತುವನ್ನು ತಿನ್ನುತ್ತದೆ. ಬಾಗಿಲು ತೆಗೆದ ಕೂಡಲೇ ವಾಸನೆ ಬಂದರೆ ಮಾಡೆಲ್ ಇನ್ನೂ ಒಳಗೆ ಇಡಬೇಡಿ. ಕಪಾಟನ್ನು ತೆರೆದೇ ಬಿಡಿ, ವಾಸನೆ ಹೋಗಲಿ.

ಕಾಕ್‌ಪಿಟ್ ಗಾಜಿನ ಸುತ್ತ ಬಿಳಿ ಮಂಜು ಕಂಡರೆ ಅದು ಬಹುತೇಕ ಸೂಪರ್ ಗ್ಲೂ ಆವಿ. ಬಿದ್ದ ಭಾಗವನ್ನು ಮನೆಯಲ್ಲೇ ಅಂಟಿಸಿದ್ದೀರಾ ಅಂತ ನೆನಪು ಮಾಡಿಕೊಳ್ಳಿ. ಗಾಜಿಗೆ ಬಿಳಿ ಅಂಟೇ ಸರಿ, ಅದು ಆವಿ ಬಿಡುವುದಿಲ್ಲ, ಒಣಗಿದ ಮೇಲೆ ಕಾಣುವುದೂ ಇಲ್ಲ.

ನಿಜವಾದ ಸತುವಿನ ರೋಗ ಹೇಗಿರುತ್ತದೆ

ನನ್ನ ಜೆಟ್‌ಗೆ ಇರಲಿಲ್ಲ, ಆದರೆ ಆ ರೋಗ ನಿಜ. ನನ್ನ ಹತ್ತಿರ ಹಳೆಯ ಒಂದು ಆಟಿಕೆ ವಿಮಾನ ಇದೆ. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರ ರೆಕ್ಕೆಯನ್ನು ಹತ್ತಿರ ಹಿಡಿದು ನೋಡಿದರೆ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಕಾಣುತ್ತದೆ. ಬಲೆ ಬಲೆಯಾಗಿ ಬಿರುಕು. ಅಂಚು ಊದಿದೆ. ಮೊದಲು ಬಿಗಿಯಾಗಿ ಕೂಡುತ್ತಿದ್ದ ರೆಕ್ಕೆ ಈಗ ತನ್ನ ತೂತಿಗೇ ಹೊಂದುವುದಿಲ್ಲ, ಯಾಕಂದ್ರೆ ಲೋಹ ಹಿಗ್ಗಿದೆ. ಉಗುರು ತಾಗಿಸಿದರೆ ಒಂದು ಚೂರು ಬಿಸ್ಕತ್ತಿನ ಹಾಗೆ ಉದುರುತ್ತದೆ.

ಇದು ಯಾಕೆ ಆಗುತ್ತದೆ ಅಂತ ತಿಳಿದರೆ ಸುಮ್ನೆ ಹೆದರುವುದು ತಪ್ಪುತ್ತದೆ. ಡೈಕಾಸ್ಟ್ ಮಾಡೆಲ್‌ಗಳ ಲೋಹ ಝಮಾಕ್. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಈ ನಾಲ್ಕರ ಜರ್ಮನ್ ಹೆಸರುಗಳ ಮೊದಲ ಅಕ್ಷರ ಸೇರಿ ಆದ ಹೆಸರು ಅದು. ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ ಇದನ್ನು 1929ರಲ್ಲಿ ರೂಪಿಸಿತು. ಹೆಚ್ಚು ಬಳಕೆಯ ಬಗೆಯಲ್ಲಿ ಅಲ್ಯೂಮಿನಿಯಂ ಸುಮಾರು ಶೇ. 4, ಉಳಿದದ್ದು ಬಹುಪಾಲು ಸತು. ಈ ಮಿಶ್ರಣದಲ್ಲಿ ಸೀಸ, ತವರ, ಕ್ಯಾಡ್ಮಿಯಂ ಕಲಬೆರಕೆಯಾದರೆ ಲೋಹದ ಹರಳುಗಳ ನಡುವಿನ ಗಡಿಯಲ್ಲಿ ತುಕ್ಕು ಶುರುವಾಗುತ್ತದೆ. ಸೀಸ ಶೇ. 0.005 ದಾಟಬಾರದು ಅನ್ನುವಷ್ಟು ಬಿಗಿ ಲೆಕ್ಕ ಇದು. ಸೆಕೆ ಮತ್ತು ತೇವ ಎರಡೂ ಸೇರಿದರೆ ಬೇಗ ಹರಡುತ್ತದೆ. ಶುದ್ಧ ಸತು ಬಳಸಿದ ಮಾಡೆಲ್‌ಗೆ ಬರುವುದಿಲ್ಲ. ಪಕ್ಕದ ಮಾಡೆಲ್‌ನಿಂದ ಅಂಟಿಕೊಳ್ಳುವುದೂ ಇಲ್ಲ. ರೋಗ ಅನ್ನುವ ಹೆಸರು ಕೇಳಿ ಒಂದು ಮಾಡೆಲ್ ಕೆಟ್ಟರೆ ಇಡೀ ಸಾಲನ್ನು ದೂರ ಇಡುವವರಿದ್ದಾರೆ, ಅದರ ಅಗತ್ಯ ಇಲ್ಲ.

ಬೀದರಿಗೆ ಹೋದಾಗ ಬಿದ್ರಿ ಕೆಲಸ ಮಾಡುವ ಹಿರಿಯರೊಬ್ಬರಿಗೆ ಆ ಬಿರುಕು ರೆಕ್ಕೆ ತೋರಿಸಿದ್ದೆ. ಬಿದ್ರಿ ಪಾತ್ರೆಯ ಮೈಯೂ ಸತುವೇ, ನಮ್ಮ ಕಡೆ ಜಸ್ತ್ ಅನ್ನುತ್ತಾರೆ. ಅದಕ್ಕೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಬೆಳ್ಳಿ ಕೂಡಿಸಿದ ಮೇಲೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿ ಮೈ ಕಪ್ಪು ಮಾಡುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. "ಕಾಕಾ, ನಿಮ್ಮ ಜಸ್ತ್ ಹಿಂಗ್ಯಾಕ ಒಡೆಯಂಗಿಲ್ಲ?" ಅಂತ ಕೇಳಿದೆ. ಅವರು ರೆಕ್ಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಜಸ್ತ್ ತಪ್ಪಲ್ಲ ತಮ್ಮಾ. ಅದ್ರಾಗ ಏನ್ ಬೆರೆಸ್ಯಾರ, ಅದು ನೋಡು," ಅಂದರು. ಮಾತು ಸರಿ. ಬಿದ್ರಿಯಲ್ಲಿ ಅಲ್ಯೂಮಿನಿಯಂ ಇಲ್ಲ. ಈ ದೋಷಕ್ಕೆ ಅಲ್ಯೂಮಿನಿಯಂ ಬೆರೆತ ಸತು ಬೇಕು, ಜೊತೆಗೆ ಆ ಕಲಬೆರಕೆ ಬೇಕು. 17ನೇ ಶತಮಾನದ ಬಿದ್ರಿ ಹುಕ್ಕಾಗಳು ಇವತ್ತಿಗೂ ಮ್ಯೂಸಿಯಂಗಳಲ್ಲಿ ಗಟ್ಟಿಯಾಗಿ ನಿಂತಿವೆ.

ನಿಮಗೆ ಇನ್ನೂ ಅನುಮಾನ ಇದ್ದರೆ ವರ್ನಿಯರ್ ಕ್ಯಾಲಿಪರ್ ತನ್ನಿ, ಸಣ್ಣ ಅಳತೆಯನ್ನು ಕರಾರುವಾಕ್ಕಾಗಿ ತೋರಿಸುವ ಸಾಧನ ಅದು. ರೆಕ್ಕೆಯ ದಪ್ಪ, ಎರಡು ಬಾಲದ ತುದಿಗಳ ನಡುವಿನ ದೂರ, ಮೂತಿಯ ಬುಡದ ಅಗಲ ಅಳೆದು ಚೀಟಿಯಲ್ಲಿ ತಾರೀಖು ಸಮೇತ ಬರೆಯಿರಿ. ಮೂರು ತಿಂಗಳು ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ರೋಗ ಇದ್ದರೆ ಅಳತೆ ಬೆಳೆಯುತ್ತದೆ. ಬೆಳೆಯುತ್ತಿದ್ದರೆ ಒಣ, ತಂಪು ಜಾಗದಲ್ಲಿ ಇಟ್ಟು ನಿಧಾನ ಮಾಡಬಹುದು, ನಿಲ್ಲಿಸಲಾಗದು. ಮೇಲೆ ವಾರ್ನಿಷ್ ಹೊಡೆದು ಪ್ರಯೋಜನವಿಲ್ಲ, ದೋಷ ಲೋಹದ ಒಳಗಿದೆ.

ಗುಳ್ಳೆ

ಈಗ ಗದ್ದದ ಕೆಳಗಿನ ಗುಳ್ಳೆ. ಬಣ್ಣದ ಗುಳ್ಳೆಯಲ್ಲಿ ನೋಡಬೇಕಾದ್ದು ಒಂದೇ, ಅದು ಬೆಳೆಯುತ್ತಿದೆಯೋ ಇಲ್ಲವೋ. ಲೋಹದ ಎರಕದಲ್ಲಿ ಗಾಳಿಯ ಸಣ್ಣ ಪೊಳ್ಳು ಉಳಿದಿದ್ದರೆ ಬಿಸಿಯಲ್ಲಿ ಅದು ಹಿಗ್ಗಿ ಬಣ್ಣವನ್ನು ಮೇಲೆತ್ತುತ್ತದೆ. ಬಣ್ಣದ ಕೆಳಗೆ ತೇವ ಸೇರಿ ತುಕ್ಕಾದರೂ ಎತ್ತುತ್ತದೆ. ಇವೆರಡೂ ಒಳಗೆ ಟೊಳ್ಳು, ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ತಗ್ಗುತ್ತವೆ. ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವಾಗ ಸಿಕ್ಕಿಕೊಂಡ ಧೂಳಿನ ಕಣವಾದರೆ ಗಟ್ಟಿ ಇರುತ್ತದೆ, ಒತ್ತಿದರೆ ಅಲುಗುವುದಿಲ್ಲ.

ನನ್ನದು ಗಟ್ಟಿ. ಪಾರ್ಸೆಲ್ ಬಿಚ್ಚಿದ ದಿನ ತೆಗೆದಿದ್ದ ಫೋಟೋ ಹುಡುಕಿ ದೊಡ್ಡದು ಮಾಡಿ ನೋಡಿದೆ. ಅಲ್ಲೇ ಇತ್ತು, ಅಷ್ಟೇ ಗಾತ್ರ. ಹದಿನಾಲ್ಕು ತಿಂಗಳಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಪುಡಿ ಕಂಡ ದಿನವೇ ಬಿತ್ತು. ಅದಕ್ಕೇ ಹೇಳುವುದು, ಹೊಸ ಮಾಡೆಲ್ ಬಂದ ದಿನ ಎಲ್ಲ ಬದಿಯಿಂದ ಫೋಟೋ ತೆಗೆದಿಡಿ. ಮುಂದೆ ದೋಷ ಹುಡುಕುವಾಗ ಇದರಷ್ಟು ಸಹಾಯ ಬೇರೆ ಯಾವುದೂ ಮಾಡುವುದಿಲ್ಲ.

ಮುಖದ ದೋಷಗಳು

ಅನಿಮೆ ಜೆಟ್ ಕೊಳ್ಳುವುದೇ ಆ ಮುಖಕ್ಕಾಗಿ, ಅಲ್ವಾ? ಜಪಾನಿನಲ್ಲಿ ಈ ಹುಚ್ಚು ಮಾಡೆಲ್‌ಗೆ ಮಾತ್ರ ಸೀಮಿತವಲ್ಲ. ಕಿಸರಾಝು ಸೇನಾ ನೆಲೆಯಲ್ಲಿ ನಿಜವಾದ ಕೋಬ್ರಾ ಹೆಲಿಕಾಪ್ಟರ್ ಮೇಲೇ ಅನಿಮೆ ಹುಡುಗಿಯ ಚಿತ್ರ ಬರೆದು ಜನರಿಗೆ ತೋರಿಸಿದ್ದರು. ಕಾರುಗಳ ಮೇಲೆ ಹೀಗೆ ಬರೆಯುವುದಕ್ಕೆ ಅಲ್ಲಿ ಇತಾಶಾ ಅನ್ನುತ್ತಾರೆ. ನನಗೆ ಬಾಲದ ಮೇಲಿನ ಬಣ್ಣದ ಪ್ರೀತಿ ಹುಟ್ಟಿದ್ದು ಬೀದರದಲ್ಲೇ. 1996ರಲ್ಲಿ ಅಲ್ಲಿನ ವಾಯುನೆಲೆಯಲ್ಲಿ ಶುರುವಾದ ಸೂರ್ಯಕಿರಣ್ ತಂಡದ ಕೆಂಪು ಬಿಳಿ ಜೆಟ್‌ಗಳು ತಲೆ ಮೇಲೆ ಹಾರಿ ಹೋದಾಗ ನಾನು ಚಿಕ್ಕವನು. ಆ ಕೆಂಪು ಇನ್ನೂ ಕಣ್ಣಲ್ಲಿದೆ.

ಮುಖ ಮಂಕಾದರೆ ಮೊದಲು ಸ್ಟ್ಯಾಂಡ್ ಹಿಡಿತದ ಕೆಳಗೆ ಅಥವಾ ಕ್ಷಿಪಣಿ ತೆಗೆದ ಜಾಗದ ಬಣ್ಣ ನೋಡಿ. ಅಲ್ಲಿ ಗಾಢವಾಗಿ, ಹೊರಗೆ ತೆಳುವಾಗಿ ಇದ್ದರೆ ಬೆಳಕಿಗೆ ಮಾಸಿದೆ. ಗುಲಾಬಿ ಮತ್ತು ಹಳದಿ ಬೇಗ ಮಾಸುತ್ತವೆ, ಕಪ್ಪು ನೀಲಿ ತಡೆಯುತ್ತವೆ. ಹೀಗಾಗಿ ಕೂದಲು ಬೆಳ್ಳಗಾಗಿ ಕಣ್ಣಿನ ಗೆರೆ ಮಾತ್ರ ಉಳಿಯುತ್ತದೆ. ಇದು ಮರಳಿ ಬರುವುದಿಲ್ಲ. ಕಿಟಕಿಯ ಗಾಜು ಅತಿನೇರಳೆ ಕಿರಣವನ್ನು ಪೂರ್ತಿ ತಡೆಯುವುದಿಲ್ಲ ಅನ್ನುವುದು ನೆನಪಿರಲಿ. ಪಶ್ಚಿಮದ ಕಿಟಕಿ ಎದುರು ಬೇಡ.

ಚಿತ್ರದ ಮೇಲೆ ಏನೋ ಬೆಳ್ಳಿಯ ಪರೆಯ ಥರ ಮಿಂಚಿ, ಮಾಡೆಲ್ ತಿರುಗಿಸಿದ ಕೂಡಲೇ ಮಾಯವಾದರೆ ಅದು ಸ್ಟಿಕ್ಕರ್ ಬಗೆಯ ಡೆಕಾಲ್ ಕೆಳಗೆ ಸಿಕ್ಕಿದ ಗಾಳಿ. ಮುಖದ ಒಂದು ಅಂಚಿಗೆ ಮಾತ್ರ ಬಿಳಿ ಗೆರೆ ಇದ್ದರೆ ಕೆಳಗಿನ ಬಿಳಿ ಅಚ್ಚು ಸ್ವಲ್ಪ ಸರಿದಿದೆ. ಅದು ಹುಟ್ಟಿನಿಂದಲೇ ಬಂದದ್ದು, ಬೆಳೆಯುವುದಿಲ್ಲ. ಹಾಗೇ ಬಿಡಿ. ಪೆನ್ನಿನಿಂದ ತುಂಬಲು ಹೋಗಬೇಡಿ, ದಯವಿಟ್ಟು.

ಸೆಕೆ ಮಾಡುವ ಹಾನಿ

ಮುಂದಿನ ಚಕ್ರದ ಕಾಲು ಬಾಗಿ ಜೆಟ್ ಮೂತಿ ತಗ್ಗಿಸಿದ್ದರೆ ಕಾಲು ಪ್ಲಾಸ್ಟಿಕ್, ಮೈ ಭಾರ, ಕೋಣೆ ಬಿಸಿ. ಇಷ್ಟೇ. ಬೇಸಿಗೆಯಲ್ಲಿ ಚಕ್ರದ ಮೇಲೆ ನಿಲ್ಲಿಸಬೇಡಿ, ಸ್ಟ್ಯಾಂಡ್ ಮೇಲೆ ಹಾರುವ ಭಂಗಿಯಲ್ಲಿ ಇಡಿ. ಬಾಗಿದ ಕ್ಷಿಪಣಿ, ರೆಕ್ಕೆ ತುದಿಯ ಪ್ಲಾಸ್ಟಿಕ್ ತುಂಡು ನೇರ ಮಾಡಬಹುದು. ಬಿಚ್ಚಿ, ಕೈಗೆ ಸುಡುವಷ್ಟು ಆದರೆ ಕುದಿಯದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ಹಾಗೇ ಹಿಡಿದು ಮಡಕೆಯ ತಣ್ಣೀರಿಗೆ ಹಾಕಿ. ಅಚ್ಚು ಇರುವ ತುಂಡಿಗೆ ಇದು ಬೇಡ.

ಮೆತ್ತನೆಯ ಟೈರ್ ಪಾರದರ್ಶಕ ಪ್ಲಾಸ್ಟಿಕ್ ಸ್ಟ್ಯಾಂಡ್‌ಗೆ ಅಂಟಿಕೊಂಡು ಗುಳಿ ಮಾಡಿದ್ದರೆ ಟೈರ್‌ನಲ್ಲಿ ಸೇರಿಸಿದ ಎಣ್ಣೆಯಂಥ ಪದಾರ್ಥ ಹೊರಬಂದಿದೆ. ನಡುವೆ ಒಂದು ತುಂಡು ಬಟ್ಟರ್ ಪೇಪರ್ ಇಡಿ. ಪೆಟ್ಟಿಗೆಯಲ್ಲಿ ಸುತ್ತಿ ಬಂದ ತೆಳು ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದುಬಿಡಿ. ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಅದರ ಸುಕ್ಕು ಬಣ್ಣದ ಮೇಲೆ ಮೂಡುತ್ತದೆ. ಆ ಗುರುತು ಹೋಗುವುದಿಲ್ಲ.

ನನ್ನ ಎಫ್-15 ಈಗ ಒಳಕೋಣೆಯ ಗೋಡೆಯ ಗೂಡಿನಲ್ಲಿದೆ, ಶಹಾಬಾದ್ ಕಲ್ಲಿನ ಹಾಸಿನ ಮೇಲೆ. ಅಲ್ಲಿ ಕೂಲರ್ ಗಾಳಿ ತಲುಪುವುದಿಲ್ಲ. ಶೋಕೇಸ್‌ಗೆ ಹೊಸ ಗಾಜು ಹಾಕಿಸಿದೆ, ಕೂಲರ್‌ಗೆ ಹೊಸ ಹುಲ್ಲು. ಕಲ್ಲಿನ ಮೇಲೆ, ಸ್ಟ್ಯಾಂಡ್ ಕೆಳಗೆ, ಅಳತೆಯ ಚೀಟಿ ಮಡಚಿಟ್ಟಿದ್ದೇನೆ. ಮೂರು ಅಂಕಿ, ಒಂದು ತಾರೀಖು. ಆಗಸ್ಟ್‌ನಲ್ಲಿ ಮತ್ತೆ ಅಳೆದೆ. ಮೂರೂ ಹಾಗೇ ಇವೆ.